ಸೂರ್ಯನ ಒಲೆ, ಶರಾವತಿಯ ನೀರು

ಓದುಗರೇ, ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕುಳಿತು ರೇಡಿಯೋದ ಮುಳ್ಳನ್ನು ಮಧ್ಯಮ ತರಂಗಗಳ ಪಟ್ಟಿಯ ಮೇಲೆ ಮೆಲ್ಲನೆ ಹೊರಳಿಸಿದ ಅನುಭವ ನಿಮಗೆ ಇದ್ದೇ ಇರುವುದು. ಹಗಲೆಲ್ಲ ಹತ್ತಿರದ ಒಂದೆರಡು ನಿಲಯಗಳನ್ನು ಬಿಟ್ಟರೆ ಬರಿಯ ಗೊರಗೊರ ಶಬ್ದ. ಕತ್ತಲಾಯಿತೆಂದರೆ ಎಲ್ಲೆಲ್ಲಿಯದೋ ಭಾಷೆ, ಎಲ್ಲೆಲ್ಲಿಯದೋ ಹಾಡು! ಪೆಟ್ಟಿಗೆಯೂ ಅದೇ, ತಂತಿಯೂ ಅದೇ. ಬದಲಾದುದು ಒಂದೇ: ಸೂರ್ಯ ಮುಳುಗಿದ್ದಾನೆ. ಹಗಲಿನಲ್ಲಿ ಅವನ ಕಿರಣಗಳು ನೆಲದಿಂದ ಅರವತ್ತು ಎಂಬತ್ತು ಕಿಲೋಮೀಟರ್ ಎತ್ತರದ ತೆಳುಗಾಳಿಯನ್ನು ಬಡಿದು, ಅಲ್ಲಿಯ ಅಣುಗಳಿಂದ ವಿದ್ಯುತ್ಕಣಗಳನ್ನು ಬಿಡಿಸಿ ಒಂದು ಪದರವನ್ನು ಕಟ್ಟುತ್ತವೆ. ಮೇಲಕ್ಕೆ ಹೋದ ರೇಡಿಯೋ ಅಲೆಯನ್ನು ಆ ಪದರ ಬಹುಮಟ್ಟಿಗೆ ನುಂಗಿಬಿಡುತ್ತದೆ. ರಾತ್ರಿಯಾದೊಡನೆ ಅದು ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ, ಚೆಂಡು ಪುಟಿದಂತೆ ಪುಟಿದು ದೂರದ ಊರುಗಳಿಗೆ ಇಳಿಯುತ್ತವೆ. ಹೀಗಾಗಿ ನಿಮ್ಮ ಮನೆಯ ರೇಡಿಯೋದ ಕಿವಿಯನ್ನು ಹಿಡಿದಿರುವವನು ಸೂರ್ಯನೇ ಎಂದರೆ ತಪ್ಪಾಗದು.

ಅಷ್ಟೇ ಅಲ್ಲ, ಆ ರೇಡಿಯೋವನ್ನು ನಡೆಸುವ ವಿದ್ಯುತ್ತೂ ಅವನದೇ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯವರಾದ ನಾವು ಈ ಮಾತನ್ನು ಇತರರಿಗಿಂತ ಚೆನ್ನಾಗಿ ತಿಳಿಯಬೇಕಾದವರು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನಾನು ಕನ್ನಡ ಪಂಡಿತ; ವಿಜ್ಞಾನದ ಉಪಾಧ್ಯಾಯನಲ್ಲ. ಚಿಕ್ಕಂದಿನಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದಾಗ ಸೂರ್ಯನ ಹೆಸರುಗಳು ಸಾಲುಸಾಲಾಗಿ ನಾಲಗೆಗೆ ಬರುತ್ತಿದ್ದವು. ಭಾನು ಎಂದರೆ ಬೆಳಗುವವನು, ತಪನನೆಂದರೆ ಸುಡುವವನು, ಪೂಷನೆಂದರೆ ಪೋಷಿಸುವವನು. ಅರ್ಕನೆಂಬ ಹೆಸರು ತದ್ಭವವಾಗಿ ನಮ್ಮ ಬೇಲಿಯ ಎಕ್ಕದ ಗಿಡಕ್ಕೆ ಬಂದಿದೆ. ರಥಸಪ್ತಮಿಯ ದಿನ ಅದರ ಎಲೆಯನ್ನು ತಲೆಯ ಮೇಲಿಟ್ಟುಕೊಂಡು ಸ್ನಾನ ಮಾಡುತ್ತೇವೆ. ಬೆಳಗುವವನು, ಸುಡುವವನು, ಪೋಷಿಸುವವನು, ಎಲ್ಲವೂ ಸರಿಯೇ. ಆದರೆ ಅವನ ಒಲೆಯಲ್ಲಿ ಉರಿಯುವ ಸೌದೆ ಯಾವುದು ಎಂಬುದನ್ನು ಯಾವ ಹೆಸರೂ ಹೇಳುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಪೂಷನ್ ಶಬ್ದದ ಅರ್ಥವನ್ನು ಬರೆದುಕೊಂಡು, "ಹಾಗಾದರೆ ಸಾರ್, ಪೂಷನನ್ನು ಪೋಷಿಸುವವರು ಯಾರು?" ಎಂದು ಕೇಳಿದಳು. ಉತ್ತರವಿಲ್ಲದೆ ನಿಂತೆ. ಈ ಲೇಖನಕ್ಕೆ ಅವಳ ಪ್ರಶ್ನೆಯೇ ಮೂಲ.

ಅಡಿಕೆ ಬೇಯಿಸುವ ಹಂಡೆಯ ಒಲೆಗೆ ರಾತ್ರಿಯಿಡೀ ಕುಂಟೆ ನೂಕಿದವರಿಗೆ ಸೌದೆಯ ಲೆಕ್ಕ ತಿಳಿದಿದೆ. ಅದೇ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಸೂರ್ಯನಿಗೆ ಹಾಕಿದರು. ಸೂರ್ಯ ಪೂರ್ತಿ ಕಲ್ಲಿದ್ದಲಿನ ಉಂಡೆಯಾಗಿದ್ದು, ಉರಿಯಲು ಬೇಕಾದ ಗಾಳಿಯೂ ದೊರೆಯುತ್ತಿದ್ದರೆ ಅದು ಎಷ್ಟು ಕಾಲ ಉರಿದೀತು? ಐದಾರು ಸಾವಿರ ವರ್ಷ ಮಾತ್ರ! ಅಂದರೆ ಮನುಷ್ಯನು ಬರಹ ಕಲಿತ ಹೊತ್ತಿಗೆ ಹಚ್ಚಿದ ಒಲೆ ಇಷ್ಟರಲ್ಲಿ ಬೂದಿಯಾಗಿರಬೇಕಾಗಿತ್ತು. ಸೌದೆಯ ಮಾತು ನಿಲ್ಲಲಿಲ್ಲ. ೧೮೫೪ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬವರು ಬೇರೊಂದು ದಾರಿ ತೋರಿದರು: ಸೂರ್ಯ ತನ್ನ ಭಾರಕ್ಕೆ ತಾನೇ ಕುಗ್ಗುತ್ತಿದ್ದಾನೆ, ಆ ಕುಗ್ಗುವಿಕೆಯಿಂದಲೇ ಬಿಸಿ ಹುಟ್ಟುತ್ತಿದೆ ಎಂದು. ಬ್ರಿಟನ್ನಿನ ಕೆಲ್ವಿನ್ನರು ಅದನ್ನೇ ಹಿಡಿದು ಲೆಕ್ಕ ಹಾಕಿದರು. ಸೂರ್ಯನ ವಯಸ್ಸು ಎರಡು ಕೋಟಿ ವರ್ಷದ ಆಸುಪಾಸಿಗೆ ಬಂದಿತು.

ಎರಡು ಕೋಟಿ ಎಂದರೆ ಸಣ್ಣ ಸಂಖ್ಯೆಯಲ್ಲ. ಆದರೆ ನೆಲವನ್ನು ಬಲ್ಲ ಭೂವಿಜ್ಞಾನಿಗಳು ತಲೆಯಾಡಿಸಿದರು. ನದಿಗಳು ಕಣಿವೆ ಕೊರೆಯಲು, ಬಂಡೆಗಳು ಪದರಗಟ್ಟಲು ಇಷ್ಟು ಕಾಲ ಸಾಲದು ಎಂಬುದು ಅವರ ವಾದ. ನಮ್ಮ ಮಲೆನಾಡಿನ ತಳದಲ್ಲಿರುವ ಬಂಡೆಗಳನ್ನೇ ನೋಡಿ. ಅವುಗಳಲ್ಲಿ ಹೆಚ್ಚಿನವು ೨೫೦ ಕೋಟಿ ವರ್ಷಕ್ಕಿಂತ ಹಳೆಯವೆಂದು ಈಗ ಅಳೆದು ಗೊತ್ತುಮಾಡಿದ್ದಾರೆ. ಮನೆಯ ಮೆಟ್ಟಿಲ ಕಲ್ಲು ಸೂರ್ಯನಿಗಿಂತ ನೂರು ಪಾಲು ಹಿರಿಯದು ಎಂದರೆ ಯಾರು ನಂಬಿಯಾರು? ಎಲ್ಲಿಯೋ ಲೆಕ್ಕ ತಪ್ಪಿತ್ತು.

ತಪ್ಪನ್ನು ತಿದ್ದುವ ಮೊದಲ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲಿ. ಅದರ ಒಂದು ಪಾಲು ನಮ್ಮ ಕನ್ನಡ ನಾಡಿನಲ್ಲಿ. ಇದು ಶಾಲೆಯ ಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

೧೮೬೮ನೆಯ ಇಸವಿ ಆಗಸ್ಟ್ ೧೮ರಂದು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಪಡುವಣ ಕರಾವಳಿಯಿಂದ ಹತ್ತಿ ಬಿಜಾಪುರದ ಸೀಮೆಯನ್ನು ದಾಟಿ ಮೂಡಣ ಕರಾವಳಿಯ ಗುಂಟೂರು, ಮಚಲಿಪಟ್ಟಣಗಳ ಮೇಲೆ ಹಾದುಹೋಯಿತು. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವೆಂಬ ಯಂತ್ರ ಆಗಿನ್ನೂ ಹೊಸದು. ಒಂದೊಂದು ಧಾತುವೂ ಕಾದಾಗ ತನ್ನದೇ ಆದ ಬಣ್ಣದ ಗೆರೆಗಳನ್ನು ಚೆಲ್ಲುತ್ತದೆ. ಉಪ್ಪನ್ನು ಒಲೆಗೆ ಎಸೆದರೆ ಉರಿ ಹಳದಿಯಾಗುವುದನ್ನು ನೀವೂ ಕಂಡಿದ್ದೀರಿ. ಗೆರೆಯನ್ನು ಕಂಡರೆ ಧಾತುವಿನ ಹೆಸರು ತಿಳಿಯಿತು. ಗ್ರಹಣಕಾಲದಲ್ಲಿ ಸೂರ್ಯನ ಅಂಚಿನಿಂದ ಏಳುವ ಕೆಂಪು ನಾಲಗೆಗಳು ಯಾವುದರಿಂದ ಆದುವು ಎಂದು ತಿಳಿಯುವ ಆಸೆಯಿಂದ ದೇಶವಿದೇಶದ ಪಂಡಿತರು ಈ ನೆರಳಿನ ದಾರಿಯಲ್ಲಿ ಬೀಡುಬಿಟ್ಟರು. ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದರು. ಮದರಾಸಿನ ವೇಧಶಾಲೆಯ ಪಾಗ್ಸನ್ ಮಚಲಿಪಟ್ಟಣಕ್ಕೆ ಹೋದರು. ಬಿಜಾಪುರದಲ್ಲಿಯೂ ಒಂದು ತಂಡವಿತ್ತು. ಮತ್ತೊಬ್ಬರು, ಲೆಫ್ಟಿನೆಂಟ್ ಜಾನ್ ಹರ್ಷೆಲ್, ಆಗ ಪಟವರ್ಧನರ ಸಂಸ್ಥಾನವಾಗಿದ್ದ ನಮ್ಮ ಜಮಖಂಡಿಯಲ್ಲಿ ದೂರದರ್ಶಕವನ್ನು ನೆಟ್ಟರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ ಇವರು.

ಆಗಸ್ಟ್ ತಿಂಗಳೆಂದರೆ ಹೇಳಬೇಕೆ? ಜಮಖಂಡಿಯಲ್ಲಿ ಮೋಡಗಳ ಕಾಟ. ಎಷ್ಟೋ ತಿಂಗಳ ಸಿದ್ಧತೆ, ಕೆಲವೇ ನಿಮಿಷಗಳ ಕತ್ತಲು, ಅದಕ್ಕೆ ಅಡ್ಡವಾಗಿ ಮೋಡ! ಶ್ರಾವಣದಲ್ಲಿ ಅಂಗಳಕ್ಕೆ ಹಪ್ಪಳ ಹಾಕಿದ ಗೃಹಿಣಿಯರು ಹರ್ಷೆಲ್ಲರ ಸಂಕಟವನ್ನು ಅರಿಯಬಲ್ಲರು. ಕೊನೆಗೆ ಮೋಡ ಸರಿದು ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಅವರು ಯಂತ್ರಕ್ಕೆ ಕಣ್ಣಿಟ್ಟರು. ಮೂರು ಉಜ್ವಲವಾದ ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಆ ಕೆಂಪು ನಾಲಗೆಗಳು ಕಾದ ಅನಿಲದವು ಎಂಬುದು ಇದರಿಂದ ನಿಶ್ಚಯವಾಯಿತು. ಕೆಂಪು ಗೆರೆ ಜಲಜನಕದ್ದು. ಕಿತ್ತಳೆಯ ಗೆರೆಯನ್ನು ಹರ್ಷೆಲ್ಲರು ಸೋಡಿಯಂ ಎಂದು, ಅಂದರೆ ನಮ್ಮ ಉಪ್ಪಿನಲ್ಲಿರುವ ಧಾತುವಿನದೆಂದು, ಎಣಿಸಿದರು. ಅದು ಸೋಡಿಯಂ ಗೆರೆಗೆ ತೀರ ನೆರೆಯದು. ಆ ಅವಸರದಲ್ಲಿ ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್ ಗ್ರಹಣವಿಲ್ಲದ ಹಗಲಿನಲ್ಲಿಯೇ ಆ ಗೆರೆಯನ್ನು ನಿಧಾನವಾಗಿ ಅಳೆದು, ಇದು ಸೋಡಿಯಂ ಅಲ್ಲ, ಭೂಮಿಯ ಮೇಲೆ ಯಾರೂ ಕಾಣದ ಧಾತು ಎಂದರು. ಗ್ರೀಕರ ಭಾಷೆಯಲ್ಲಿ ಸೂರ್ಯನಿಗೆ ಹೀಲಿಯೋಸ್ ಎಂದು ಹೆಸರು. ಅದರಿಂದ ಹೀಲಿಯಂ ಎಂಬ ಮಾತು ಹುಟ್ಟಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು ೧೮೯೫ರಲ್ಲಿ, ರಾಮ್ಸೆ ಎಂಬವರಿಗೆ, ಒಂದು ಖನಿಜದೊಳಗೆ. ಜಮಖಂಡಿಯ ಮೋಡಗಳ ಸಂದಿನಲ್ಲಿ ಇಣುಕಿದ ಆ ಕಿತ್ತಳೆಯ ಗೆರೆ ಸೂರ್ಯನ ಒಲೆಯ ಬೂದಿಯ ಗುರುತೆಂದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಗ್ರಹಣದ ಮಾತು ಬಂದುದರಿಂದ ನನ್ನದೊಂದು ಪ್ರಸಂಗವನ್ನು ಹೇಳಿ ಮುಂದುವರಿಯುತ್ತೇನೆ. ೧೯೮೦ರ ಫೆಬ್ರವರಿ ೧೬ರಂದು ಇಂಥದೇ ನೆರಳು ಅಂಕೋಲೆಯ ಕಡೆಯಿಂದ ಹತ್ತಿ ಹುಬ್ಬಳ್ಳಿ, ರಾಯಚೂರುಗಳ ಮಾರ್ಗವಾಗಿ ಹೋಯಿತು. ನಮ್ಮ ಹೊಸನಗರದ ಸೀಮೆಯಲ್ಲಿ ಸೂರ್ಯನ ಬಹುಪಾಲು ಮುಚ್ಚಿತು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಮಧ್ಯಾಹ್ನವೇ ಬಾಗಿಲು ಕಿಟಕಿಗಳನ್ನು ಹಾಕಿ, ಉಪ್ಪಿನಕಾಯಿಯ ಭರಣಿಗೂ ನೀರಿನ ಕೊಡಕ್ಕೂ ದರ್ಭೆ ಇಟ್ಟು, ಮಕ್ಕಳನ್ನೆಲ್ಲ ಒಳಗೆ ಕೂಡಿಸಿದರು. "ಹೊರಗೆ ಕಾಲಿಟ್ಟೀಯ, ಕಣ್ಣು ಹೋದಾವು" ಎಂದು ಅಜ್ಜ ಗದರಿದ. ಇಳಿಹೊತ್ತಿನಲ್ಲಿ ಹಕ್ಕಿಗಳ ಸದ್ದು ಅಡಗಿತು. ದನಗಳು ಕೊಟ್ಟಿಗೆಯ ಕಡೆ ಮುಖ ಮಾಡಿದವು. ಅಷ್ಟರಲ್ಲಿ ನಾನು ಕುಳಿತಿದ್ದ ಮಣ್ಣಿನ ನೆಲದ ಮೇಲೆ ಒಂದು ವಿಚಿತ್ರ ಕಂಡೆ. ಹೆಂಚಿನ ಸಂದುಗಳಿಂದ ದಿನವೂ ನೆಲಕ್ಕೆ ಬೀಳುತ್ತಿದ್ದ ದುಂಡು ದುಂಡು ಬಿಸಿಲಿನ ಬೊಟ್ಟುಗಳೆಲ್ಲ ಅಂದು ಬಿದಿಗೆಯ ಚಂದ್ರನಂತೆ ಕೊಂಕಾಗಿದ್ದವು! ಒಂದಲ್ಲ, ಎರಡಲ್ಲ, ಹತ್ತಿಪ್ಪತ್ತು. ಅಜ್ಜನನ್ನು ಕರೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ಏನೂ ಹೇಳದೆ, ಪಂಚೆಯ ಅಂಚನ್ನು ಒಂದು ಬೊಟ್ಟಿನ ಮೇಲೆ ಹಿಡಿದು ಮತ್ತೆ ನೋಡಿದ. ಒಂದೊಂದು ಸಂದೂ ಒಂದೊಂದು ಸೂಜಿರಂಧ್ರದ ಕ್ಯಾಮೆರಾ. ಬಿದ್ದುದು ಸೂರ್ಯನ ಚಿತ್ರವೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬರಿಗಣ್ಣಿನಿಂದ ಗ್ರಹಣದ ಸೂರ್ಯನನ್ನು ನೋಡಬಾರದೆಂದ ಅಜ್ಜನ ಮಾತು ಸರಿಯೇ. ಬಾಗಿಲು ಹಾಕಿಕೊಂಡರೂ ಸೂರ್ಯ ಒಳಗೆ ಬಂದನಲ್ಲ ಎಂಬುದು ಮಾತ್ರ ನನಗೆ ಈಗಲೂ ಸಂತೋಷ.

ಇರಲಿ. ಸೂರ್ಯನಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಮುಂದಕ್ಕೆ ಒಯ್ದವರಲ್ಲಿ ನಮ್ಮ ದೇಶದ ಮೇಘನಾದ ಸಾಹ ಅವರು ಮುಖ್ಯರು. ೧೯೨೦ರಲ್ಲಿ, ಇಷ್ಟು ಬಿಸಿಯಲ್ಲಿ ಇಷ್ಟು ಒತ್ತಡದಲ್ಲಿ ಯಾವ ಧಾತುವಿನ ಪರಮಾಣು ಎಷ್ಟರಮಟ್ಟಿಗೆ ಒಡೆದಿರುತ್ತದೆ ಎಂಬುದಕ್ಕೆ ಅವರು ಒಂದು ಸಮೀಕರಣವನ್ನು ಕೊಟ್ಟರು. ಅದನ್ನು ಹಿಡಿದು ೧೯೨೫ರಲ್ಲಿ ಸಿಸಿಲಿಯಾ ಪೇನ್ ಎಂಬ ಇಪ್ಪತ್ತೈದು ವರ್ಷದ ಹೆಣ್ಣುಮಗಳು ನಕ್ಷತ್ರಗಳ ಬೆಳಕನ್ನು ಓದಿದರು. ಅದುವರೆಗೆ ಎಲ್ಲರ ನಂಬಿಕೆ, ಸೂರ್ಯನಲ್ಲಿಯೂ ಭೂಮಿಯಲ್ಲಿರುವಂತೆಯೇ ಕಬ್ಬಿಣ ಮೊದಲಾದವು ಹೆಚ್ಚು ಎಂದು. ಅವರ ಲೆಕ್ಕದಲ್ಲಿ ಸೂರ್ಯ ಬಹುತೇಕ ಜಲಜನಕ, ಉಳಿದುದರಲ್ಲಿ ಹೆಚ್ಚಿನದು ಹೀಲಿಯಂ. ಹಿರಿಯ ಖಗೋಲಜ್ಞರೊಬ್ಬರು ಇದು ಅಸಾಧ್ಯವೆಂದರು. ಪಾಪ, ಆಕೆ ತನ್ನ ಪ್ರಬಂಧದಲ್ಲಿಯೇ, ಈ ಫಲಿತಾಂಶ ನಿಜವಿರಲಾರದು ಎಂಬರ್ಥದ ಮಾತನ್ನು ಸೇರಿಸಬೇಕಾಯಿತು. ನಾಲ್ಕು ವರ್ಷದ ಮೇಲೆ ಅದೇ ಹಿರಿಯರು ಆಕೆಯೇ ಸರಿ ಎಂದು ಒಪ್ಪಿದರು. ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುವಾಗ ನನಗೆ ಈ ಕಥೆ ಆಗಾಗ ನೆನಪಾಗುತ್ತದೆ.

ಸೌದೆ ಜಲಜನಕ, ಬೂದಿ ಹೀಲಿಯಂ. ಈಗ ಉರಿಯುವ ಬಗೆಯನ್ನು ನೋಡೋಣ. ನಾಲ್ಕು ಜಲಜನಕದ ಪರಮಾಣು ಬೀಜಗಳು ಕೂಡಿ ಒಂದು ಹೀಲಿಯಂ ಬೀಜವಾಗುತ್ತದೆ. ಆದರೆ ತಕ್ಕಡಿಯಲ್ಲಿಟ್ಟರೆ ತೂಕ ಸರಿಬರುವುದಿಲ್ಲ. ಸಾವಿರ ಗ್ರಾಂ ಜಲಜನಕ ಕೂಡಿದರೆ ಸಿಗುವ ಹೀಲಿಯಂ ೯೯೩ ಗ್ರಾಂ ಮಾತ್ರ. ಉಳಿದ ಏಳು ಗ್ರಾಂ ಎಲ್ಲಿ? ವಸ್ತುವೂ ಶಕ್ತಿಯೂ ಒಂದೇ ನಾಣ್ಯದ ಎರಡು ರೂಪ ಎಂದು ಐನ್‌ಸ್ಟೈನರು ೧೯೦೫ರಲ್ಲಿ ತೋರಿಸಿಕೊಟ್ಟಿದ್ದರು. ಆ ಏಳು ಗ್ರಾಮೇ ಬೆಳಕು ಮತ್ತು ಬಿಸಿ. ೧೯೨೦ರಲ್ಲಿ ಎಡಿಂಗ್ಟನ್ ಎಂಬವರು ಸೂರ್ಯನ ಗುಟ್ಟು ಇದೇ ಇರಬೇಕೆಂದು ಊಹಿಸಿದರು. ೧೯೩೮-೩೯ರಲ್ಲಿ ಹಾನ್ಸ್ ಬೆಥೆ ಅದರ ಹೆಜ್ಜೆಹೆಜ್ಜೆಯನ್ನೂ ಲೆಕ್ಕ ಮಾಡಿ ತೋರಿಸಿದರು, ಅದಕ್ಕಾಗಿ ೧೯೬೭ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಒಂದು ಗ್ರಾಂ ವಸ್ತು ಪೂರ್ತಿಯಾಗಿ ಶಕ್ತಿಯಾದರೆ ಎಷ್ಟು? ಸುಮಾರು ಎರಡೂವರೆ ಕೋಟಿ ಯೂನಿಟ್ ವಿದ್ಯುತ್ತಿನಷ್ಟು. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ ೧,೦೩೫ ಮೆಗಾವಾಟ್. ಅದರ ಹತ್ತೂ ಯಂತ್ರಗಳು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಪೂರ್ಣವೇಗದಲ್ಲಿ ತಿರುಗಿದರೆ ಬರುವುದು ಹೆಚ್ಚುಕಡಿಮೆ ಇಷ್ಟೇ. ಒಂದು ಗ್ರಾಂ ಎಂದರೆ ಒಂದು ಚಿಟಿಕೆ ಉಪ್ಪು! ಸೂರ್ಯ ಸೆಕೆಂಡೊಂದಕ್ಕೆ ಕಳೆದುಕೊಳ್ಳುತ್ತಿರುವುದು ಸುಮಾರು ೪೨ ಲಕ್ಷ ಟನ್ನು. ಹೀಗೆ ಅವನು ೪೬೦ ಕೋಟಿ ವರ್ಷದಿಂದ ಖರ್ಚು ಮಾಡುತ್ತ ಬಂದಿದ್ದಾನೆ. ಇನ್ನೂ ೫೦೦ ಕೋಟಿ ವರ್ಷಕ್ಕೆ ಸಾಕಾಗುವಷ್ಟು ಅವನ ಕಣಜದಲ್ಲಿದೆ.

ಹಾಗಾದರೆ ಅವನ ಒಡಲು ಭಯಂಕರವಾಗಿ ಭುಗಿಲೆನ್ನುತ್ತಿರಬೇಕೆಂದು ನೀವು ತಿಳಿಯಬಹುದು. ನಾನೂ ಹಾಗೆಯೇ ತಿಳಿದಿದ್ದೆ. ನಿಜ ಬೇರೆ. ಸೂರ್ಯನ ನಟ್ಟನಡುವೆ ಉಷ್ಣಮಾನ ಒಂದೂವರೆ ಕೋಟಿ ಡಿಗ್ರಿ, ಸರಿ. ಆದರೆ ಅಲ್ಲಿ ಒಂದು ಘನಮೀಟರ್ ಜಾಗದಲ್ಲಿ ಹುಟ್ಟುವ ಶಕ್ತಿ ಮುನ್ನೂರು ವಾಟಿಗೂ ಕಡಿಮೆ. ಕೊಟ್ಟಿಗೆಯ ಹಿಂದಿನ ಗೊಬ್ಬರದ ಗುಂಡಿಯನ್ನು ಚಳಿಗಾಲದ ಬೆಳಗಿನಲ್ಲಿ ಗುದ್ದಲಿಯಿಂದ ಕೆದಕಿದರೆ ಹಬೆ ಏಳುವುದಲ್ಲವೆ? ಸೂರ್ಯನ ಗರ್ಭ ಆ ಗೊಬ್ಬರದ ಗುಂಡಿಗಿಂತ ಚುರುಕಾದುದೇನಲ್ಲ. ಗುಂಡಿ ಅಷ್ಟು ದೊಡ್ಡದು, ಅಷ್ಟೆ. ಜಲಜನಕದ ಬೀಜಗಳು ಒಂದನ್ನೊಂದು ದೂರ ತಳ್ಳುವ ಸ್ವಭಾವದವು. ಅವು ಕೂಡುವ ಸಂದರ್ಭ ಅಪರೂಪ. ಒಂದೊಂದು ಬೀಜವೂ ಸರಾಸರಿ ನೂರಾರು ಕೋಟಿ ವರ್ಷ ಸರದಿ ಕಾಯುತ್ತದೆ. ಬೆಂಕಿ ಜೋರಾದರೆ ಸೂರ್ಯನ ಒಡಲು ಸ್ವಲ್ಪ ಉಬ್ಬುತ್ತದೆ, ಉಬ್ಬಿದಾಗ ತಣಿಯುತ್ತದೆ, ತಣಿದಾಗ ಬೆಂಕಿ ತಾನಾಗಿ ತಗ್ಗುತ್ತದೆ. ಒಲೆಯ ಮುಂದೆ ಕುಳಿತು ಕೊಳ್ಳಿಯನ್ನು ಹಿಂದೆ ಮುಂದೆ ಮಾಡುವ ಅಮ್ಮನ ಕೈಯಂತೆ ಅವನ ಭಾರವೇ ಅವನ ಉರಿಯನ್ನು ಹದದಲ್ಲಿಟ್ಟಿದೆ. ನಾವು ಬದುಕಿರುವುದು ಈ ನಿಧಾನದಿಂದ. ಅವನು ಅವಸರದವನಾಗಿದ್ದರೆ ಭೂಮಿಯಲ್ಲಿ ಪಾಚಿ ಕಟ್ಟುವುದಕ್ಕೂ ಕಾಲ ಸಾಲುತ್ತಿರಲಿಲ್ಲ.

ಕಣ್ಣಿಗೆ ಕಾಣದ ಆ ಗರ್ಭದಲ್ಲಿ ಹೀಗೆಯೇ ನಡೆಯುತ್ತದೆಂಬುದಕ್ಕೆ ಸಾಕ್ಷಿ ಏನು ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಒಳಗೆ ಹುಟ್ಟಿದ ಬೆಳಕು ತಡಕಾಡುತ್ತ ಹೊರಮೈಗೆ ಬರಲು ಸಹಸ್ರಾರು ವರ್ಷ ಹಿಡಿಯುತ್ತದೆ. ಅಲ್ಲಿಂದ ನಮ್ಮ ಅಂಗಳಕ್ಕೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಆದರೆ ನ್ಯೂಟ್ರಿನೋ ಎಂಬ ಕಣಗಳು ಹುಟ್ಟಿದೊಡನೆಯೇ ಯಾವ ತಡೆಯೂ ಇಲ್ಲದೆ ಹೊರಟುಬರುತ್ತವೆ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಮಿಕ್ಕಿ ಹಾದುಹೋಗುತ್ತಿವೆ. ಅವುಗಳನ್ನು ಹಿಡಿಯಲು ನೆಲದಾಳಕ್ಕೆ ಇಳಿಯಬೇಕು. ಈ ವಿದ್ಯೆಯಲ್ಲಿಯೂ ನಮ್ಮ ನಾಡಿಗೆ ಪಾಲಿದೆ: ೧೯೬೫ರಲ್ಲಿ ಕೋಲಾರದ ಚಿನ್ನದ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ದೊರೆಯಿತು. ಸೂರ್ಯನ ನ್ಯೂಟ್ರಿನೋಗಳನ್ನು ಅಮೆರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಡೇವಿಸ್ ಎಂಬವರು ಹಿಡಿದರು. ೧೯೬೮ರಲ್ಲಿ ಹೊರಬಂದ ಅವರ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲಷ್ಟೇ ಇತ್ತು. ಉಳಿದವು ದಾರಿಯಲ್ಲಿ ವೇಷ ಬದಲಿಸಿಕೊಳ್ಳುತ್ತವೆಂಬುದು ಕೆನಡಾದ ಪ್ರಯೋಗದಿಂದ ೨೦೦೧-೦೨ರಲ್ಲಿ ಸಿದ್ಧವಾಯಿತು. ಬೆಥೆಯವರ ಲೆಕ್ಕ ಗೆದ್ದಿತು. ೨೦೨೩ರ ಸೆಪ್ಟೆಂಬರಿನಲ್ಲಿ ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ ನೌಕೆ ಭೂಮಿಯಿಂದ ೧೫ ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನ ಹೊರಗಿನ ಪ್ರಭಾವಳಿಯನ್ನು ನೋಡುವಂಥದು. ಅದರ ಮುಖ್ಯ ಯಂತ್ರವನ್ನು ಕಟ್ಟಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ಜಮಖಂಡಿಯ ಮೋಡ ಈಗ ಅಡ್ಡ ಬರುವಂತಿಲ್ಲ.

ಈಗ ನಮ್ಮ ಊರಿಗೆ ಬರೋಣ. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಬೆಲೆ ಗೊತ್ತು. ಒಂದೆಕರೆ ತೋಟವನ್ನು ಸಾಕಲು ಹಲವು ಎಕರೆ ಬೆಟ್ಟದ ಸೊಪ್ಪು, ದರಗು ಬೇಕು. ಇದನ್ನು ಸೂರ್ಯನ ಲೆಕ್ಕದಲ್ಲಿ ಓದಿದರೆ, ಹಲವು ಎಕರೆಯ ಮೇಲೆ ಬಿದ್ದ ಬಿಸಿಲನ್ನು ಎಲೆಗಳಲ್ಲಿ ಕಟ್ಟಿ ಹೊತ್ತು ತಂದು ಒಂದೆಕರೆಯ ಬುಡಕ್ಕೆ ಹಾಕುತ್ತೇವೆ ಎಂದಾಯಿತು. ಬಿಸಿಲಿನಲ್ಲಿ ಹಸಿರೆಲೆ ಆಮ್ಲಜನಕವನ್ನು ಬಿಡುತ್ತದೆಂಬುದನ್ನು ಇಂಗೆನ್‌ಹೌಸ್ ಎಂಬ ವೈದ್ಯರು ೧೭೭೯ರಲ್ಲಿ ತೋರಿಸಿದರು. ಪತ್ರಹರಿತ್ತು ಬೆಳಕನ್ನು ಹಿಡಿದು, ನೀರನ್ನು ಒಡೆದು, ಗಾಳಿಯ ಇಂಗಾಲವನ್ನು ಸಕ್ಕರೆಯಾಗಿ ಕಟ್ಟುತ್ತದೆ. ಬಿದ್ದ ಬಿಸಿಲಿನಲ್ಲಿ ಹೀಗೆ ಉಳಿಯುವುದು ಬೆಳೆಗಳಲ್ಲಿ ಶೇಕಡ ಒಂದರ ಸುಮಾರು. ಆ ಒಂದರಲ್ಲಿಯೇ ನಮ್ಮ ಅನ್ನ, ದನದ ಹಾಲು, ಬಚ್ಚಲೊಲೆಯ ಕುಂಟೆ, ನನ್ನ ಈ ಬರಹದ ಕಾಗದ. ಬೇಯಿಸಿದ ಅಡಿಕೆಯನ್ನು ಚಪ್ಪರದ ಮೇಲೆ ಹರಡಿ ಮೋಡ ಕವಿದ ನಾಲ್ಕು ದಿನ ಕಳೆದವರಿಗೆ, ಬೂಷ್ಟು ಹಿಡಿದ ಮಾಲನ್ನು ಮಂಡಿಗೆ ಒಯ್ದವರಿಗೆ, ಬಿಸಿಲಿಗೆ ಬೆಲೆ ಎಷ್ಟೆಂದು ನಾನು ಹೇಳಬೇಕಾದುದಿಲ್ಲ.

ಇನ್ನು ನೀರು. ಅರಬ್ಬೀ ಸಮುದ್ರದ ನೀರನ್ನು ಹಬೆ ಮಾಡಿ ಎತ್ತುವವನು ಸೂರ್ಯ. ಆ ಹಬೆ ಘಟ್ಟಕ್ಕೆ ತಾಗಿ ಮೇಲೇರಿ ತಣಿದು ಸುರಿಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ ಏಳೂವರೆ ಸಾವಿರ ಮಿಲಿಮೀಟರಿನಷ್ಟು. ಈಚೆಗೆ ಕೆಲವು ವರ್ಷ ಹೊಸನಗರ ತಾಲ್ಲೂಕಿನ ಹುಲಿಕಲ್ಲು ಆಗುಂಬೆಯನ್ನೂ ಮೀರಿಸಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ತಾಲ್ಲೂಕಿನಲ್ಲಿ ೨೫೩ ಮೀಟರ್ ಧುಮುಕುವ ಶರಾವತಿ ನಮ್ಮ ಮೂರು ತಾಲ್ಲೂಕುಗಳನ್ನು ಕಟ್ಟಿದ ಹಗ್ಗ. ಇಲ್ಲಿಯೂ ಒಂದು ಲೆಕ್ಕ ಕೇಳಿ. ಒಂದು ಸೇರು ನೀರನ್ನು ಹಬೆ ಮಾಡಲು ಸೂರ್ಯ ವ್ಯಯಿಸಿದ ಶಕ್ತಿಯನ್ನು ಸಾವಿರ ಪಾಲು ಎಂದಿಟ್ಟುಕೊಂಡರೆ, ಅದೇ ನೀರು ಜೋಗದ ಎತ್ತರದಿಂದ ಬಿದ್ದಾಗ ಮರಳಿ ಬರುವುದು ಒಂದೇ ಒಂದು ಪಾಲು! ಜೋಗದ ಆ ಆರ್ಭಟವೆಲ್ಲ ಸೂರ್ಯನ ಖರ್ಚಿನ ಸಾವಿರದಲ್ಲೊಂದು ಚಿಲ್ಲರೆ.

ಆ ಚಿಲ್ಲರೆಯನ್ನು ಹಿಡಿಯಲು ಮೊದಲು ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿದರು. ಅದರ ನೀರಿನಿಂದ ೧೯೪೮ರಲ್ಲಿ ಜೋಗದ ವಿದ್ಯುದಾಗಾರ ನಡೆಯತೊಡಗಿತು. ೧೯೬೪ರಲ್ಲಿ ಲಿಂಗನಮಕ್ಕಿ ಸಿದ್ಧವಾಯಿತು. ನಾಡಿನ ಬಹುಪಾಲು ಮನೆಗಳಲ್ಲಿ ಬಲ್ಬು ಹೊತ್ತಿಸಿದ್ದು, ರೇಡಿಯೋ ಹಾಡಿಸಿದ್ದು ಈ ನೀರು. ಅದರಡಿಯಲ್ಲಿ ಮುಳುಗಿದ್ದು ಸುಮಾರು ೩೦೦ ಚದರ ಕಿಲೋಮೀಟರ್ ನೆಲ, ಸಾಗರ ಹೊಸನಗರಗಳ ಗದ್ದೆ, ತೋಟ, ಸೊಪ್ಪಿನ ಬೆಟ್ಟ, ಊರಿಗೆ ಊರೇ. ಎದ್ದು ಹೋದವರು ಶಿವಮೊಗ್ಗ, ತೀರ್ಥಹಳ್ಳಿ ಮೊದಲಾದ ಕಡೆಯ ಕಾಡಂಚಿನಲ್ಲಿ ನೆಲೆ ನಿಂತರು. ಅವರಲ್ಲಿ ಎಷ್ಟೋ ಮನೆಗಳಿಗೆ ಸಾಗುವಳಿಯ ಹಕ್ಕುಪತ್ರ ಮೂರನೆಯ ತಲೆಮಾರಿಗೂ ಸಿಕ್ಕಿಲ್ಲ. ತಮ್ಮ ಮನೆಯನ್ನು ಮುಳುಗಿಸಿದ ನೀರಿನ ವಿದ್ಯುತ್ತಿಗಾಗಿ ಅವರೇ ದಶಕಗಳ ಕಾಲ ಚಿಮಣಿ ಬುಡ್ಡಿ ಹಚ್ಚಿಕೊಂಡು ಕಾದರು. ಹಿನ್ನೀರಿನ ಆಚೆ ಉಳಿದ ತುಮರಿಯ ಕಡೆಯ ಜನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಾಂಚನ್ನೇ ನಂಬಿದ್ದರು. ಸೇತುವೆಯಾದುದು ೨೦೨೫ರ ಜುಲೈನಲ್ಲಿ. ಸೂರ್ಯ ತನ್ನ ಶಕ್ತಿಗೆ ಬೆಲೆ ಕೇಳುವುದಿಲ್ಲವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಹೇಳುವಾಗ ನನ್ನ ಮುಂದೆ ಕುಳಿತ ಮಕ್ಕಳಲ್ಲಿ ಮುಳುಗಡೆಯ ಮನೆಯವರೂ ಇರುತ್ತಾರೆ. ಮಾತು ಗಂಟಲಲ್ಲಿ ಸ್ವಲ್ಪ ತಡೆಯುತ್ತದೆ.

ಈಗ ಬಿಸಿಲನ್ನು ನೇರವಾಗಿಯೇ ವಿದ್ಯುತ್ತಾಗಿ ಮಾಡುವ ಕಾಲ. ಪಾವಗಡದ ಬರದ ನೆಲದಲ್ಲಿ ೧೩,೦೦೦ ಎಕರೆಯ ಮೇಲೆ ಹಾಸಿರುವ ಫಲಕಗಳ ಸಾಮರ್ಥ್ಯ ೨,೦೫೦ ಮೆಗಾವಾಟ್, ಶರಾವತಿ ವಿದ್ಯುದಾಗಾರದ ಸುಮಾರು ಇಮ್ಮಡಿ. ಅಲ್ಲಿ ರೈತರ ನೆಲವನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಮೊದಲ್ಗೊಂಡು ಗೇಣಿಗೆ ಪಡೆದರು ಎಂಬುದನ್ನು ಮೆಚ್ಚಬೇಕು. ನೆಲವಿಲ್ಲದ ಕೂಲಿಯವರಿಗೆ ಗೇಣಿಯೂ ಇಲ್ಲ ಎಂಬುದನ್ನೂ ಮರೆಯಬಾರದು. ಆದರೆ ಫಲಕಗಳು ರಾತ್ರಿ ನಿದ್ದೆ ಮಾಡುತ್ತವೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಪಂಪು ಮಾಡಿ, ರಾತ್ರಿ ಕೆಳಕ್ಕೆ ಬಿಟ್ಟು ೨,೦೦೦ ಮೆಗಾವಾಟ್ ಪಡೆಯುವ ಯೋಜನೆ ಶರಾವತಿ ಕಣಿವೆಗೆ ಬಂದಿರುವುದು ಇದಕ್ಕೇ. ಸೂರ್ಯ ಎತ್ತಿದ ನೀರನ್ನು ಸೂರ್ಯನ ವಿದ್ಯುತ್ತಿನಿಂದಲೇ ಮತ್ತೊಮ್ಮೆ ಎತ್ತುವುದು, ಯುಕ್ತಿ ಚೆನ್ನಾಗಿದೆ. ಆದರೆ ಸುರಂಗ ಕೊರೆಯಬೇಕಾದುದು ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ. ಊರಿನವರು ವಿರೋಧಿಸಿದ್ದಾರೆ. ಒಮ್ಮೆ ಕಳೆದುಕೊಂಡವರು ಎರಡನೆಯ ಸಲ ಲೆಕ್ಕ ಕೇಳಿದರೆ ಅದನ್ನು ಹಟವೆನ್ನುವುದು ನನ್ನಿಂದಾಗದು.

ಹಿರೇಭಾಸ್ಕರದ ಹಳೆಯ ಅಣೆಕಟ್ಟು ಲಿಂಗನಮ��್ಕಿಯ ನೀರಿನಲ್ಲಿ ಮುಳುಗಿದೆ. ಬೇಸಗೆಯಲ್ಲಿ ನೀರು ಇಳಿದ ವರ್ಷ ಅದು ಮೇಲೆ ಕಾಣುತ್ತದೆ. ಒಮ್ಮೆ ಅಂಥ ಬೇಸಗೆಯಲ್ಲಿ ಕೆಲವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಅತ್ತ ಹೋಗಿದ್ದೆ. ಬಿರಿದ ಕೆಸರಿನ ಮೇಲೆ ಹಳೆಯ ಮರದ ಬೊಡ್ಡೆಗಳು, ಗದ್ದೆಯ ಅಂಚಿನ ಗುರುತುಗಳು. ಊರಿನ ಹೆಸರಿನಲ್ಲಿ ಭಾಸ್ಕರನಿರುವುದನ್ನು ನಾನು ಪಂಡಿತನ ಚಟದಿಂದ ವಿವರಿಸುತ್ತಿದ್ದೆ. ಮುಳುಗಡೆಯ ಮನೆತನದ ಹುಡುಗನೊಬ್ಬ ಅದನ್ನು ಕೇಳಿಸಿಕೊಂಡಂತೆ ತೋರಲಿಲ್ಲ. ಅವನು ಒಂದು ಗದ್ದೆಯ ಅಂಚಿನ ಮೇಲೆ ನಿಂತು, "ಸಾರ್, ಮಳೆಗಾಲದಲ್ಲಿ ಇಲ್ಲಿಯವರೆಗೆ ಬಿಸಿಲು ಇಳಿಯುತ್ತದೆಯೇ?" ಎಂದು ಕೇಳಿದ. ಕೆಂಪು ನೀರಿನಲ್ಲಿ ಬೆಳಕು ಬಹಳ ಆಳಕ್ಕೆ ಹೋಗದೆಂದು ಹೇಳಿದೆ. ಅವನು ಬಗ್ಗಿ, ಬಿರುಕಿನ ನಡುವೆ ಆಗಲೇ ಚಿಗುರಿದ್ದ ಹುಲ್ಲಿನ ಎಸಳೊಂದನ್ನು ನೋಡುತ್ತ ನಿಂತ. ಆ ವರ್ಷ ಮಳೆ ತಡವಾಗಿತ್ತು. ಹುಲ್ಲಿಗೆ ಇನ್ನೂ ಕೆಲವು ವಾರಗಳ ಬಿಸಿಲು ಇತ್ತು.